ಹೆಬ್ಬಾಗಿಲಲ್ಲಿ ಮನೆ ಮಾಡಿದವರ ಪಾಡು

ಶಿವಮೊಗ್ಗದವರಿಗೆ ಮಲೆನಾಡಿಗರು ಎನ್ನಿಸಿಕೊಳ್ಳುವ ಆಸೆ ಇರುವಷ್ಟು ಮಳೆ ಇಲ್ಲ. ತೊಂಬತ್ತು ಕಿಲೋಮೀಟರ್ ಆಚೆಯ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಸುರಿಯುತ್ತದೆ. ನಗರದಲ್ಲಿ 1,000 ಮುಟ್ಟಿದರೆ ಅದೇ ದೊಡ್ಡ ಮಳೆಗಾಲ. ಆದರೂ ಇಲ್ಲಿ ಯಾರು ಮೈಕು ಹಿಡಿದರೂ ಮೊದಲ ಸಾಲು ‘ಮಲೆನಾಡಿನ ಹೆಬ್ಬಾಗಿಲು’ ಎಂದೇ. ಬಾಗಿಲಲ್ಲಿ ನಿಂತವನಿಗೆ ಒಳಗಿನ ತಂಪೂ ಪೂರ್ತಿ ಸಿಗುವುದಿಲ್ಲ, ಹೊರಗಿನ ಬಿಸಿಲೂ ತಪ್ಪುವುದಿಲ್ಲ ಎಂಬುದನ್ನು ಭಾಷಣದಲ್ಲಿ ಯಾರೂ ಹೇಳುವುದಿಲ್ಲ. ಗಾಜನೂರು ದಾಟಿದರೆ ಕಾಡು, ಹೊಳೆಹೊನ್ನೂರಿನ ಕಡೆ ತಿರುಗಿದರೆ ಬಯಲು. ನಡುವೆ ನಾವು, ಏಪ್ರಿಲ್‌ನಲ್ಲಿ ಫ್ಯಾನಿನಡಿ ಬೆವರುತ್ತಾ, ಬೆಂಗಳೂರಿನ ನೆಂಟರಿಗೆ ಫೋನಿನಲ್ಲಿ ‘ನಮ್ಮಲ್ಲಿ ತಂಪು ಕಣ್ರೀ’ ಎನ್ನುತ್ತಿರುತ್ತೇವೆ.

ಈ ಅನ್ಯಾಯ ಮೊದಲು ಅರ್ಥವಾಗುವುದು ಶಾಲೆಗೆ ಹೋಗುವ ಮಕ್ಕಳಿಗೆ. ಪುನರ್ವಸು ಮಳೆ ಹಿಡಿದ ಜುಲೈ ತಿಂಗಳಲ್ಲಿ ರಜೆ ಸಾಮಾನ್ಯವಾಗಿ ತಾಲ್ಲೂಕಿನ ಲೆಕ್ಕದಲ್ಲಿ ಬರುತ್ತದೆ. ತೀರ್ಥಹಳ್ಳಿಗೆ ಉಂಟು, ಹೊಸನಗರಕ್ಕೆ ಉಂಟು, ಸಾಗರಕ್ಕೂ ಉಂಟು. ಬೆಳಿಗ್ಗೆ ಆರಕ್ಕೇ ಅಪ್ಪನ ಮೊಬೈಲು ಹಿಡಿದು ಕೂತ ವಿನೋಬನಗರದ ಹುಡುಗ ಆ ಪಟ್ಟಿಯನ್ನು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಓದಿ, ಕೊನೆಗೆ ರೇನ್‌ಕೋಟು ಸಿಕ್ಕಿಸಿಕೊಳ್ಳುತ್ತಾನೆ. ಹೊಸನಗರದ ಸೋದರಮಾವನ ಮಗ ಅದೇ ಹೊತ್ತಿಗೆ ಕಂಬಳಿಯೊಳಗಿನಿಂದ ಫೋಟೋ ಕಳಿಸಿರುತ್ತಾನೆ. ನಗರದ ಮಳೆ ಅಷ್ಟೇ: ರಜೆ ಕೊಡಿಸುವಷ್ಟು ಜೋರಿಲ್ಲ, ಬಟ್ಟೆ ಒಣಗಲು ಬಿಡುವಷ್ಟು ಕಡಿಮೆಯೂ ಇಲ್ಲ.

ಬಟ್ಟೆ ಒಣಗಿಸುವುದು ಇಲ್ಲಿ ಒಂದು ವಿದ್ಯೆ. ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ ಬಚ್ಚಲೊಲೆ ಇದೆ. ಹಂಡೆಯ ಮೇಲೆ ಗಳ ಕಟ್ಟಿ ಬಟ್ಟೆ ಹರವಿದರೆ ರಾತ್ರಿ ಕಳೆಯುವಷ್ಟರಲ್ಲಿ ಗರಿಗರಿ. ಅಂಗಿಗೆ ಹೊಗೆಯ ವಾಸನೆ ಬರುತ್ತದೆ, ಆದರೆ ಊರಿನವರೆಲ್ಲ ಅದೇ ವಾಸನೆಯಲ್ಲಿ ಇರುವುದರಿಂದ ಯಾರೂ ಕೇಳುವುದಿಲ್ಲ. ನಗರದ ಮನೆಗೆ ಬಚ್ಚಲೊಲೆ ಇಲ್ಲ, ಗೀಸರ್ ಇದೆ. ಅದರ ಮೇಲೆ ಏನನ್ನು ಹರವುವುದು? ಆದ್ದರಿಂದ ಕ್ರಮ ಹೀಗೆ. ಮೆಷಿನ್ನಿನಲ್ಲಿ ಎರಡು ಸಲ ಹಿಂಡಿಸಿ. ಬಟ್ಟೆಯನ್ನು ಒಂದಕ್ಕೊಂದು ತಾಗದಂತೆ ನಾಲ್ಕು ಬೆರಳು ಬಿಟ್ಟು ಹರವಿ. ಪ್ಯಾಂಟನ್ನು ಒಳಮೈ ಹೊರಗೆ ಮಾಡಿ ಸೊಂಟದ ಪಟ್ಟಿಯಿಂದ ನೇತುಹಾಕಿ, ಯಾಕೆಂದರೆ ಕೊನೆಗೆ ಒದ್ದೆ ಉಳಿಯುವುದು ಜೇಬು ಮತ್ತು ಪಟ್ಟಿ. ಫ್ಯಾನು ಹಾಕಿ, ಕಿಟಕಿ ಒಂದು ಗೇಣು ತೆರೆದಿಡಿ. ತಪ್ಪುವುದು ಇಲ್ಲೇ: ಥಂಡಿ ಎಂದು ಕಿಟಕಿ ಮುಚ್ಚಿದರೆ ಬಟ್ಟೆಯಿಂದ ಹೊರಟ ನೀರಾವಿ ಕೋಣೆಯನ್ನೊಂದು ಸುತ್ತು ಹಾಕಿ ವಾಪಸು ಬಟ್ಟೆಗೇ ಬರುತ್ತದೆ. ಒಂದು ದಿನ ಮೀರಿ ಒದ್ದೆ ಇದ್ದ ಬಟ್ಟೆಯಲ್ಲಿ ಸೂಕ್ಷ್ಮಾಣುಗಳು ಸಂಸಾರ ಹೂಡುತ್ತವೆ, ಆ ಮುಗ್ಗಲು ವಾಸನೆ ಅವುಗಳದ್ದೇ. ಇಸ್ತ್ರಿ ಪೆಟ್ಟಿಗೆ ಅದನ್ನು ತೆಗೆಯುವುದಿಲ್ಲ, ಬಿಸಿ ಮಾಡಿ ಬಡಿಸುತ್ತದೆ. ಕಾಲುಚೀಲವನ್ನು ಫ್ರಿಜ್ಜಿನ ಹಿಂದೆ ಸಿಕ್ಕಿಸುವ ಪದ್ಧತಿ ಅನೇಕ ಮನೆಗಳಲ್ಲಿದೆ. ಒಣಗುತ್ತದೆ, ನಿಜ. ಒಂದು ಚೀಲ ಕೆಳಗೆ ಬಿದ್ದರೆ ಅದು ಸಿಗುವುದು ದೀಪಾವಳಿಗೆ ಮನೆ ಗುಡಿಸುವಾಗ.

ಶೂಗೆ ಹಳೆಯ ಪೇಪರು ತುರುಕಿ, ಮಲಗುವ ಮುಂಚೆ ಒಮ್ಮೆ ಬದಲಿಸಬೇಕು. ಉಪ್ಪಿನ ಡಬ್ಬಿಗೆ ಒಂದು ಹಿಡಿ ಹುರಿದ ಅಕ್ಕಿ. ಬೀರುವಿನಲ್ಲಿಟ್ಟ ಚರ್ಮದ ಬೆಲ್ಟಿಗೆ ಏನು ಮಾಡಿದರೂ ಬೂಷ್ಟು ಬರುತ್ತದೆ. ಆಗಸ್ಟಿನಲ್ಲಿ ಮದುವೆಗೆ ಹೊರಟ ಗಂಡಸರ ಸೊಂಟದಲ್ಲಿ ಹಸಿರು ಬಣ್ಣದ ಬೆಲ್ಟು ಕಂಡರೆ ಫ್ಯಾಷನ್ ಎಂದು ತಿಳಿಯಬೇಡಿ.

ಇನ್ನು ಬಾಗಿಲು. ಊರಿನ ಹೆಬ್ಬಾಗಿಲಲ್ಲ, ಮನೆಯದು. ಮರ ನೀರು ಕುಡಿದು ಊದಿಕೊಂಡು, ಜುಲೈಯಲ್ಲಿ ಬಚ್ಚಲಮನೆಯ ಬಾಗಿಲು ಹಾಕಿದರೆ ತೆಗೆಯಲು ಬರುವುದಿಲ್ಲ, ತೆಗೆದರೆ ಹಾಕಲು ಬರುವುದಿಲ್ಲ. ಒಳಗೆ ಸಿಕ್ಕಿಕೊಂಡವರು ‘ಎಂಥ ಸಾವು ಮಾರಾಯ’ ಎಂದು ಕೂಗುವುದು ಕೇಳಿದ ಕೂಡಲೇ ಆಚಾರಿಯನ್ನು ಕರೆದು ಉಜ್ಜುಗೊರಡು ಹಾಕಿಸುವುದು ಎಲ್ಲರೂ ಮಾಡುವ ಕೆಲಸ. ಮಾಡಬಾರದ ಕೆಲಸವೂ ಅದೇ. ಮಾರ್ಚಿ ಹೊತ್ತಿಗೆ ಮರ ಒಣಗಿ ಸಂಕುಚಿಸಿದಾಗ ಚೌಕಟ್ಟಿಗೂ ಬಾಗಿಲಿಗೂ ನಡುವೆ ಹಲ್ಲಿ ಸಲೀಸಾಗಿ ಓಡಾಡುವಷ್ಟು ಸಂದು ಬಿಡುತ್ತದೆ. ಮಳೆಗಾಲದಲ್ಲಿ ಅಂಚಿಗೆ ಮೇಣದಬತ್ತಿ ಉಜ್ಜಿ ಸುಧಾರಿಸಿಕೊಳ್ಳಿ. ಅಂಚಿಗೆ, ಅದರಲ್ಲೂ ಯಾರೂ ನೋಡದ ಕೆಳಗಿನ ಅಂಚಿಗೆ, ಬಣ್ಣ ಹೊಡೆಸುವುದು ಬೇಸಿಗೆಯ ಕೆಲಸ. ನೀರು ಒಳಗೆ ಹೋಗುವುದೇ ಅಲ್ಲಿಂದ.

ಮಳೆ ಬೇರೆಯವರಿಗೆ, ನೀರು ನಮಗೆ. ಶೃಂಗೇರಿ, ತೀರ್ಥಹಳ್ಳಿಯಲ್ಲಿ ಎರಡು ದಿನ ಜಡಿದರೆ ಸಾಕು, ಶಿವಮೊಗ್ಗದಲ್ಲಿ ಬಿಸಿಲಿದ್ದರೂ ತುಂಗೆ ಏರುತ್ತಾಳೆ. ಗಾಜನೂರಿನ ಅಣೆಕಟ್ಟೆ ಹಿಡಿಯುವುದು 3.24 ಟಿಎಂಸಿ ಮಾತ್ರ. ಅದು ಬೇಗ ತುಂಬುತ್ತದೆ, ಬೇಗ ಗೇಟು ಎತ್ತುತ್ತಾರೆ. ಊರಿನವರ ಅಳತೆಗೋಲು ಕೋರ್ಪಲಯ್ಯನ ಛತ್ರದ ಬಳಿ ಹೊಳೆಯಲ್ಲಿರುವ ಕಲ್ಲಿನ ಮಂಟಪ. ‘ಮಂಟಪ ಮುಳುಗಿತಾ?’ ಎಂಬ ಪ್ರಶ್ನೆಗೆ ಉತ್ತರ ಪೇಪರಿನಲ್ಲಿ ಬಂದರೂ, ಟಿವಿಯಲ್ಲಿ ತೋರಿಸಿದರೂ, ಪ್ರತಿಯೊಬ್ಬನೂ ಸ್ವತಃ ಹೋಗಿ ನೋಡಲೇಬೇಕು. ಸೇತುವೆಯ ಮೇಲೆ ಗಾಡಿ ನಿಲ್ಲಿಸಬೇಕು, ಸೆಲ್ಫಿ ತೆಗೆಯಬೇಕು, ಹಿಂದಿನವರು ಹಾರ್ನ್ ಹೊಡೆದರೆ ಬೇಸರಪಟ್ಟುಕೊಳ್ಳಬೇಕು. ಪ್ರವಾಹಕ್ಕಿಂತ ಪ್ರವಾಹ ನೋಡುವವರಿಂದಲೇ ರಸ್ತೆ ಕಟ್ಟಿಹೋಗುತ್ತದೆ.

ಅಣೆಕಟ್ಟೆಗಳ ಮಟ್ಟ ಓದುವುದೂ ಸುಲಭವಲ್ಲ. ಪೂರ್ತಿ ತುಂಬಿದಾಗ ಜೋಗದ ಮೇಲಿನ ಲಿಂಗನಮಕ್ಕಿ ಸಮುದ್ರಮಟ್ಟದಿಂದ 1,819 ಅಡಿ, ಭದ್ರಾ ತಳದಿಂದ 186 ಅಡಿ, ತುಂಗಾ 588.24 ಮೀಟರ್. ಒಂದೇ ಪೇಪರಿನ ಒಂದೇ ಮೂಲೆಯಲ್ಲಿ ಮೂರು ಲೆಕ್ಕ. ಲಿಂಗನಮಕ್ಕಿ 1,790 ಅಡಿ ಎಂದು ಓದಿದ ಹೊಸಬರು ‘ಇನ್ನೇನು ಇಪ್ಪತ್ತೊಂಬತ್ತೇ ಅಡಿ’ ಎಂದು ಜೋಗಕ್ಕೆ ಹೊರಡುತ್ತಾರೆ. ಜಲಾಶಯ ಮೇಲ್ಮೇಲೆ ಹೋದಂತೆ ಅಗಲವಾಗುತ್ತದೆ. ಕಡೆಯ ಒಂದೊಂದು ಅಡಿ ತುಂಬಲು ಬೇಕಾಗುವ ನೀರು ಕೆಳಗಿನ ಅಡಿಗಳಿಗಿಂತ ಎಷ್ಟೋ ಪಾಲು ಹೆಚ್ಚು.

‘ಗಂಗಾ ಸ್ನಾನ, ತುಂಗಾ ಪಾನ’ ಎಂದು ಹೆಮ್ಮೆಯಿಂದ ಹೇಳುವ ನಾವು ಆಷಾಢದಲ್ಲಿ ನಲ್ಲಿ ತಿರುಗಿಸಿದಾಗ ಗಾದೆಯನ್ನು ಸ್ವಲ್ಪ ಮೆಲ್ಲಗೆ ಹೇಳುತ್ತೇವೆ. ಹೊಳೆ ಕೆಂಪಾದ ದಿನಗಳಲ್ಲಿ ನೀರಿಗೂ ಚಹಾದ ಬಣ್ಣ ಬರುವುದುಂಟು. ಒಂದು ಕೊಡದ ನೀರಿನಲ್ಲಿ ಪಟಿಕದ ತುಂಡನ್ನು ಎರಡು ಮೂರು ಸುತ್ತು ತಿರುಗಿಸಿ ಎತ್ತಿಬಿಡಿ, ರಾತ್ರಿಯಿಡೀ ಅಲುಗಾಡಿಸಬೇಡಿ, ಬೆಳಿಗ್ಗೆ ಮೇಲಿನ ಮುಕ್ಕಾಲು ಪಾಲು ಬಗ್ಗಿಸಿ ಸೋಸಿ ಕುದಿಸಿ. ಪಟಿಕವನ್ನು ಕೊಡದಲ್ಲೇ ಮರೆತರೆ ಮಾರನೆಯ ದಿನದ ಕಾಫಿ ಬಾಯಿ ಒಗರು ಮಾಡುತ್ತದೆ.

ಕರೆಂಟಿನ ವಿಷಯದಲ್ಲೂ ಹೀಗೇ. ಜೋಗದಲ್ಲಿ 1948ರಿಂದ ವಿದ್ಯುತ್ತು ತಯಾರಾಗುತ್ತಿದೆ, ರಾಜ್ಯಕ್ಕೆಲ್ಲ ಹೋಗುತ್ತಿದೆ. ನಮ್ಮ ಬೀದಿಯ ತಂತಿಗೆ ಮಾತ್ರ ಒಂದು ಹಲಸಿನ ಕೊಂಬೆ ಸಾಕು. ಆದ್ದರಿಂದ ಗಾಳಿಯ ಸದ್ದು ಕೇಳಿದ ಕೂಡಲೇ ಮಾಡಬೇಕಾದ ಕೆಲಸಕ್ಕೆ ಕ್ರಮವಿದೆ: ಮೊದಲು ಮೋಟಾರು ಹಾಕಿ ಟ್ಯಾಂಕು ತುಂಬಿಸುವುದು, ಆಮೇಲೆ ಚಟ್ನಿ ರುಬ್ಬುವುದು, ಆಮೇಲೆ ಮೊಬೈಲು ಚಾರ್ಜು. ಇನ್ವರ್ಟರ್ ಇದೆ ಎಂಬ ಧೈರ್ಯದಲ್ಲಿ ಅದಕ್ಕೆ ಮಿಕ್ಸಿ ಕೊಟ್ಟರೆ ಅದು ಕೀ ಎಂದು ಕೂಗಿ ಮಲಗುತ್ತದೆ. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕುವುದು ಮೇ ತಿಂಗಳ ಕೆಲಸ. ಎಲ್ಲರಿಗೂ ನೆನಪಾಗುವುದು ಜೂನಿನಲ್ಲಿ, ಕತ್ತಲಲ್ಲಿ.

ಅಡಿಕೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅಪರಿಚಿತರ ಜೊತೆ ಬಸ್ಸಿನಲ್ಲಿ ಮಾತಿಗೆ ಏನೂ ತೋಚದಿದ್ದರೆ ‘ರಾಶಿ ಎಷ್ಟಂತೆ?’ ಎನ್ನಿ, ಭದ್ರಾವತಿ ಬರುವವರೆಗೆ ಚಿಂತೆಯಿಲ್ಲ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ನಾಲ್ಕು ಬಗೆಯ ಅಡಿಕೆಯ ಹೆಸರು ಗೊತ್ತಿದ್ದರೆ ತೋಟವಿಲ್ಲದವನೂ ತೋಟದವನ ಹಾಗೆ ತಲೆ ಆಡಿಸಬಹುದು. ದರ ಏರಿದ ವಾರ ಗಾಂಧಿ ಬಜಾರಿನಲ್ಲಿ ಗಾಡಿ ನಿಲ್ಲಿಸಲು ಜಾಗವಿರುವುದಿಲ್ಲ. ಇಳಿದ ವಾರವೂ ಇರುವುದಿಲ್ಲ, ಅದು ಬೇರೆ ಮಾತು.

ಬಾಗಿಲಲ್ಲಿರುವವರ ನಿಜವಾದ ಡ್ಯೂಟಿ ನೆಂಟರದು. ಅವರು ಶನಿವಾರ ಬೆಳಗಿನ ಜಾವ ರಾತ್ರಿ ಬಸ್ಸಿನಿಂದ ಇಳಿದು, ಹಲ್ಲುಜ್ಜುವ ಮೊದಲೇ ಪಟ್ಟಿ ಓದುತ್ತಾರೆ: ಸಕ್ರೆಬೈಲಿನ ಆನೆ ಬಿಡಾರ, ಜೋಗ, ಸಿಗಂದೂರು, ಕೊಡಚಾದ್ರಿ, ಸಂಜೆ ಆಗುಂಬೆಯ ಸೂರ್ಯಾಸ್ತ. ಗೂಗಲ್ ಮ್ಯಾಪಿನಲ್ಲಿ ಇವೆಲ್ಲ ಒಂದೇ ಬೊಗಸೆಯಲ್ಲಿವೆ. ಅವರನ್ನು ನಯವಾಗಿ ಕೂರಿಸಿ ಕಡುಬು ಬಡಿಸಿ ಲೆಕ್ಕ ಹೇಳಬೇಕು. ಜೋಗಕ್ಕೆ ಸುಮಾರು ನೂರು ಕಿಲೋಮೀಟರ್, ಸಾಗರದಲ್ಲಿ ಕಾಫಿ ಎಂದರೆ ಹೋಗಲಿಕ್ಕೇ ಎರಡೂವರೆ ಗಂಟೆ. ಅಲ್ಲಿಂದ ಆಗುಂಬೆಗೆ ಹೊಸನಗರದ ಮೇಲೆ ಹೋದರೆ ತಿರುವುಗಳಲ್ಲೇ ಸಂಜೆಯಾಗುತ್ತದೆ, ಹಿಂದಿನ ಸೀಟಿನವರ ಕಡುಬು ಹೊರಗೆ ಬರುತ್ತದೆ. ಮೊದಲೆಲ್ಲ ಸಿಗಂದೂರನ್ನು ತಪ್ಪಿಸಲು ‘ಲಾಂಚಿಗೆ ಕಾಯಬೇಕು ಮಾರಾಯ್ರೇ’ ಎನ್ನುವ ಒಳ್ಳೆಯ ನೆಪವಿತ್ತು. 2025ರ ಜುಲೈಯಲ್ಲಿ ಶರಾವತಿ ಹಿನ್ನೀರಿಗೆ ಸೇತುವೆಯಾಗಿ ಅದೂ ಕೈಬಿಟ್ಟಿತು.

ಆನೆಗೆ ಬೆಳಿಗ್ಗೆಯೇ ಹೋಗಬೇಕು. ಸ್ನಾನ ಮುಗಿದ ಮೇಲೆ ಅವು ಕಾಡಿಗೆ ಹೊರಟುಬಿಡುತ್ತವೆ. ಮಧ್ಯಾಹ್ನ ಸಕ್ರೆಬೈಲಿಗೆ ಹೋದವರು ನೋಡುವುದು ಲದ್ದಿ. ಮಳೆಗಾಲದ ಜೋಗದಲ್ಲಿ ಮಂಜು ಕಟ್ಟಿ ರಾಜ, ರಾಣಿ, ರೋರರ್, ರಾಕೆಟ್ ನಾಲ್ವರೂ ಮಾಯವಾಗಿ ಬರೀ ಸದ್ದು ಉಳಿಯುತ್ತದೆ. ಕಂಬಿಯ ಹತ್ತಿರ ತಾಳ್ಮೆಯಿಂದ ನಿಂತರೆ ಗಾಳಿ ಬೀಸಿ ಅರೆ ನಿಮಿಷ ತೆರೆಯುತ್ತದೆ. ಆ ಅರೆ ನಿಮಿಷದಲ್ಲೇ ನೆಂಟರು ಮಿರ್ಚಿ ತಿನ್ನಲು ಹೋಗಿರುತ್ತಾರೆ. ಆಗುಂಬೆಯ ಸೂರ್ಯಾಸ್ತ ನವೆಂಬರಿನಿಂದ ಫೆಬ್ರವರಿಯವರೆಗಿನ ಮಾಲು. ಜುಲೈಯಲ್ಲಿ ಅಲ್ಲಿ ಸೂರ್ಯ ಇದ್ದಾನೆ ಎಂಬುದಕ್ಕೆ ಪಂಚಾಂಗವೇ ಸಾಕ್ಷಿ. ಬದಲಿಗೆ ಇಂಬಳ, ಅಂದರೆ ಕಾಡಿನ ಜಿಗಣೆ, ಸಿಗುತ್ತದೆ. ಕಿತ್ತು ಎಳೆಯಬಾರದು, ಒಂದು ಚಿಟಿಕೆ ಉಪ್ಪು ಹಾಕಿದರೆ ತಾನೇ ಬೀಳುತ್ತದೆ. ಅದು ಹೋದ ಮೇಲೂ ರಕ್ತ ನಿಲ್ಲದೆ ನೆಂಟರು ಗಾಬರಿಯಾಗುತ್ತಾರೆ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಗುಣವಿದೆ. ಬಟ್ಟೆ ಒತ್ತಿ ಹಿಡಿದು ಕೂತರೆ ನಿಲ್ಲುತ್ತದೆ. ಆಸ್ಪತ್ರೆಗೆ ಕರೆದೊಯ್ಯಿರಿ ಎಂದು ಅಳುವವರಿಗೆ ಮೊದಲು ಬಿಸಿ ಕಷಾಯ ಕೊಡಿ.

ಹೊರಡುವಾಗ ಅವರು ಕೇಳುವುದು ಅಪ್ಪೆಮಿಡಿ ಉಪ್ಪಿನಕಾಯಿ. ಕೊಡುವುದು ಸುಲಭ, ಕಟ್ಟುವುದು ಕಷ್ಟ. ಗಾಜಿನ ಬಾಟಲಿ ಬೇಡ. ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೇಲೆ ಎರಡು ಬೆರಳು ಖಾಲಿ ಬಿಡಿ, ಯಾಕೆಂದರೆ ಮಿಡಿ ಹುದುಗಿ ಗಾಳಿ ಬಿಟ್ಟರೆ ತುಂಬಿದ ಡಬ್ಬಿಯ ರಸ ಮುಚ್ಚಳ ಎತ್ತಿ ಹೊರಬರುತ್ತದೆ. ಬಾಯಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಮುಚ್ಚಳ ತಿರುಗಿಸಿ, ಟೇಪು ಸುತ್ತಿ, ಕವರಿನಲ್ಲಿಟ್ಟು ಗಂಟು ಹಾಕಿ. ಡಬ್ಬಿ ನೆಟ್ಟಗೆ ನಿಲ್ಲುವಂತೆ ಕಾಲ ಬಳಿ ಇಟ್ಟುಕೊಳ್ಳಲು ಹೇಳಿ. ಬಟ್ಟೆಯ ಬ್ಯಾಗಿನಲ್ಲಿ ಅಡ್ಡ ಮಲಗಿಸಬಾರದು. ಅವರು ‘ಆಯ್ತು ಆಯ್ತು’ ಎಂದು ಅಡ್ಡ ಮಲಗಿಸಿಯೇ ಬಸ್ಸು ಹತ್ತುತ್ತಾರೆ. ತರೀಕೆರೆಯಲ್ಲಿ ಸೋರಲು ಶುರುವಾದದ್ದು ಅವರಿಗೆ ಗೊತ್ತಾಗುವುದು ಅರಸೀಕೆರೆಯಲ್ಲಿ, ಪಕ್ಕದ ಸೀಟಿನವರು ಮೂಗರಳಿಸಿ ‘ಮೊಸರನ್ನ ಇದೆಯಾ?’ ಎಂದು ಕೇಳಿದಾಗ.