ವರ್ಷವಿಡೀ ಆಷಾಢ

ಅಮೆರಿಕದ ಅಯೋವಾದಲ್ಲಿರುವ ನನ್ನ ಭಾಮೈದ ಈಚೆಗೊಂದು ರಾತ್ರಿ ಫೋನು ಮಾಡಿ, "ಭಾವ, ಮಗಳಿಗೆ ಕಾಲೇಜು ಪುಕ್ಕಟೆ ಆಯ್ತು!" ಅಂದ. ಜೋಳದ ಹೊಲಗಳ ನಡುವಿನ ಪುಟ್ಟ ಕ್ರೈಸ್ತ ಕಾಲೇಜು. ಊಟ, ವಸತಿ ಸೇರಿ ವರ್ಷಕ್ಕೆ 58,000 ಡಾಲರ್. ಆದರೆ ಕಾಲೇಜು ಕಳಿಸಿದ ಕಾಗದದ ಕೊನೆಯ ಸಾಲಿನಲ್ಲಿ 'ನೀವು ಕಟ್ಟಬೇಕಾದದ್ದು: 0' ಎಂದಿದೆಯಂತೆ. ಆ ಕಾಗದಕ್ಕೆ ಅಲ್ಲಿ 'ಅವಾರ್ಡ್ ಲೆಟರ್' ಅನ್ನುತ್ತಾರೆ. ಶಾಲು, ಹಾರ, ಹಣ್ಣಿನ ಬುಟ್ಟಿಯೂ ಬಂತೇನೋ ಎಂದು ಕೇಳಿದೆ. ಅವನಿಗೆ ನಗು ಬರಲಿಲ್ಲ.

ಫೋಟೊ ತರಿಸಿ ಓದಿದೆ. ಅಧ್ಯಕ್ಷರ ಸ್ಕಾಲರ್‌ಶಿಪ್ 25,000. 'ನಂಬಿಕೆ ಮತ್ತು ನಾಯಕತ್ವ' ಸ್ಕಾಲರ್‌ಶಿಪ್ 5,000. ಹುಡುಗಿ ನಾಯಕತ್ವ ವಹಿಸಿದ್ದು ಟಿವಿ ರಿಮೋಟಿನ ವಿಷಯದಲ್ಲಿ ಮಾತ್ರ, ಇರಲಿ. ಅದೇ ಪಟ್ಟಿಯಲ್ಲಿ, ಅದೇ ದಪ್ಪಕ್ಷರದಲ್ಲಿ ಮುಂದಿನವು: 'ಡೈರೆಕ್ಟ್ ಸಬ್' 3,500, 'ಡೈರೆಕ್ಟ್ ಅನ್‌ಸಬ್' 2,000, 'ವರ್ಕ್ ಸ್ಟಡಿ' 2,500, 'ಪೇರೆಂಟ್ ಪ್ಲಸ್' 20,000. ಕೂಡಿದರೆ ಸರಿಯಾಗಿ 58,000.

ಸಬ್ಬೂ ಸಾಲ, ಅನ್‌ಸಬ್ಬೂ ಸಾಲ. ವರ್ಕ್ ಸ್ಟಡಿ ಅಂದರೆ ಮಗು ಲೈಬ್ರರಿಯಲ್ಲಿ ಪುಸ್ತಕ ಜೋಡಿಸಿ ದುಡಿಯುವ ಕೂಲಿ. ಪೇರೆಂಟ್ ಪ್ಲಸ್ ಅಪ್ಪ ಅಮ್ಮನ ಹೆಸರಿನಲ್ಲಿ ಸರ್ಕಾರ ಕೊಡುವ ಸಾಲ. ಪ್ಲಸ್ಸು ಕಾಲೇಜಿಗೆ, ಮೈನಸ್ಸು ನಮ್ಮ ಭಾಮೈದನಿಗೆ. 2018ರಲ್ಲಿ ನ್ಯೂ ಅಮೆರಿಕ, ಯು ಆಸ್ಪೈರ್ ಎಂಬ ಎರಡು ಸಂಸ್ಥೆಗಳು ಇಂಥ ಕಾಗದಗಳನ್ನು ಗುಡ್ಡೆ ಹಾಕಿಕೊಂಡು ಓದಿದಾಗ, ಆ ಅನ್‌ಸಬ್ ಸಾಲವೊಂದಕ್ಕೇ 136 ಹೆಸರುಗಳು ಸಿಕ್ಕವು. ಅವುಗಳಲ್ಲಿ 24ರೊಳಗೆ 'ಸಾಲ' ಎಂಬ ಪದವೇ ಇರಲಿಲ್ಲ. ಸಹಸ್ರನಾಮಕ್ಕೆ ಇನ್ನು 864 ಬಾಕಿ. 2022ರಲ್ಲಿ ಅಮೆರಿಕದ ಸಂಸತ್ತಿನ ಲೆಕ್ಕ ತಪಾಸಣಾ ಕಚೇರಿಯೂ ಇದನ್ನೇ ಹೇಳಿತು: ನೂರಕ್ಕೆ 91 ಕಾಲೇಜುಗಳು ನಿಜವಾಗಿ ಕೈಯಿಂದ ಕೊಡಬೇಕಾದ ಖರ್ಚನ್ನು ಒಂದೋ ಬರೆಯುವುದೇ ಇಲ್ಲ, ಇಲ್ಲವೇ ಕಡಿಮೆ ಮಾಡಿ ಬರೆಯುತ್ತವೆ. ಸುಳ್ಳು ಹೇಳಬೇಡ ಎಂಬ ಆಜ್ಞೆಯನ್ನು ವಾರವಾರ ಈ ಕಾಲೇಜಿನ ಚಾಪೆಲ್‌ನಲ್ಲಿ ಮಕ್ಕಳಿಗೆ ಕಲಿಸಲಾಗುತ್ತದೆ. ಫೀಸಿನ ಕಚೇರಿಯವರಿಗೆ ಆ ಹೊತ್ತಿಗೆ ಡ್ಯೂಟಿ ಇರುತ್ತದೋ ಏನೋ.

ಇನ್ನು ಆ ಎರಡು ಸ್ಕಾಲರ್‌ಶಿಪ್ಪಿನ 30,000 ಆದರೂ ಔದಾರ್ಯವೇ? ಅಲ್ಲಿನ ಖಾಸಗಿ ಕಾಲೇಜುಗಳು ಹೊಸದಾಗಿ ಸೇರುವವರಿಗೆ ಸರಾಸರಿ ಅರ್ಧಕ್ಕಿಂತ ಹೆಚ್ಚು ಬೋಧನಾ ಶುಲ್ಕ ಬಿಡುತ್ತವೆ. ಅಂದರೆ ಬೋರ್ಡಿನ ಮೇಲಿನ ಬೆಲೆ ಇರುವುದೇ ಹೊಡೆದು ಹಾಕುವುದಕ್ಕೆ. ನಮ್ಮ ಆಷಾಢದ ಸೇಲು ತಿಂಗಳಿಗೆ ಮುಗಿಯುತ್ತದೆ. ಅಲ್ಲಿ ಶ್ರಾವಣ ಬರುವುದೇ ಇಲ್ಲ. ಒಂದು ವ್ಯತ್ಯಾಸವುಂಟು. ಚಿಕ್ಕಪೇಟೆಯ ಯಾವ ಅಂಗಡಿಯವನೂ ಸೀರೆಯ ಬೆಲೆ ಹೇಳುವ ಮುಂಚೆ ಗಿರಾಕಿಯ ಇನ್‌ಕಂ ಟ್ಯಾಕ್ಸ್ ವಿವರ ನೋಡಿದ್ದಿಲ್ಲ.

ಆ ವಿವರ ಹೋಗುವುದು ಫಾಫ್ಸಾ ಎಂಬ, ಓದಿಗೆ ನೆರವು ಕೋರುವ ಸರ್ಕಾರಿ ಅರ್ಜಿಯಲ್ಲಿ. ಹಿಂದೆ ಅದರಿಂದ 'ಕುಟುಂಬ ಕೊಡಬೇಕೆಂದು ನಿರೀಕ್ಷಿಸುವ ಮೊತ್ತ' ಹೊರಬರುತ್ತಿತ್ತು. ಕುಟುಂಬಗಳು ಅಷ್ಟೇ ಕೊಟ್ಟರೆ ಸಾಕೆಂದು ನಂಬಿ ಮೋಸಹೋಗುತ್ತಿದ್ದವು. 2024-25ರಿಂದ ಹೆಸರು ಬದಲಾಯಿಸಿ 'ವಿದ್ಯಾರ್ಥಿ ನೆರವಿನ ಸೂಚ್ಯಂಕ' ಎಂದರು. ಈಗ ಏನೆಂದು ನಂಬಬೇಕೋ ತಿಳಿಯದು, ಹಾಗಾಗಿ ಮೋಸಹೋಗುವ ಭಯವಿಲ್ಲ. ಈ ಸೂಚ್ಯಂಕ ಮೈನಸ್ 1500ರ ತನಕ ಇಳಿಯಬಲ್ಲದು. ಹಾಗಂತ 1500 ಡಾಲರ್ ಮನೆಗೆ ಬರುವುದಿಲ್ಲ.

ಬೋಧನಾ ಶುಲ್ಕವನ್ನೇ ತೆಗೆದುಕೊಳ್ಳದ ಕ್ರೈಸ್ತ ಮೂಲದ ಕಾಲೇಜೂ ಒಂದಿದೆ, ಕೆಂಟಕಿಯ ಬೆರಿಯ. 1855ರಲ್ಲಿ ಶುರುವಾದದ್ದು, ಮಕ್ಕಳು ಅಲ್ಲಿ ಕೆಲಸ ಮಾಡುತ್ತ ಓದುತ್ತಾರೆ. ಭಾಮೈದ ಆ ಹೆಸರನ್ನು ಕೇಳಿದ್ದೇ ಇಲ್ಲ. ಅಧ್ಯಕ್ಷರ ಸ್ಕಾಲರ್‌ಶಿಪ್ಪಿನ ಗಮ್ಮತ್ತು ಅದಕ್ಕೆಲ್ಲಿ?

"ನಿಜವಾದ ಬೆಲೆ 28,000 ಕಣಯ್ಯ. ನಾಲ್ಕು ವರ್ಷಕ್ಕೆ 1,12,000. ಅದೂ ಫೀಸು ಏರದಿದ್ದರೆ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಅವರವರ ಚರ್ಚು ಎಷ್ಟು ಕೊಟ್ಟರೆ ಅಷ್ಟನ್ನು ಕಾಲೇಜೂ ಸೇರಿಸುತ್ತಂತೆ ಭಾವ. ನಮಗೆ ಚರ್ಚಿಲ್ಲ. ಕನ್ನಡ ಕೂಟ ನಡೆಯುತ್ತಾ?" ಅಂದ. ಕೂಟದ ಖಜಾಂಚಿಯನ್ನು ಬಲ್ಲ ನಾನು ಸುಮ್ಮನಾದೆ.

ಕೊನೆಗೆ ಅವನು ಬೇರೊಂದು ಕಾಲೇಜಿನ ಕಾಗದವನ್ನು ಲಗತ್ತಿಸಿ ಮೇಲ್ಮನವಿ ಬರೆದ. ಇದಕ್ಕೆ ಅಲ್ಲಿ ಅಪೀಲ್ ಅನ್ನುತ್ತಾರೆ, ನಮ್ಮಲ್ಲಿ ಚೌಕಾಸಿ. ವಾರದಲ್ಲಿ ಹೊಸ ಅವಾರ್ಡ್ ಬಂತು: 'ಕೃಪಾ ಗ್ರಾಂಟ್' 2,000. ಪೇರೆಂಟ್ ಪ್ಲಸ್ 18,000ಕ್ಕೆ ಇಳಿದಿತ್ತು. ಕೊನೆಯ ಸಾಲಿನಲ್ಲಿ ಮಾತ್ರ ಬದಲಾವಣೆಯಿಲ್ಲ. ನೀವು ಕಟ್ಟಬೇಕಾದದ್ದು: 0.