ನಾಲ್ಕು ಮನೆಗೊಂದು ನಿಕ್ಷೇಪ

ಬೆಂಗಳೂರಿನವರು ಹಳ್ಳಿಯಲ್ಲಿ ಮನೆ ಕೊಳ್ಳುವುದು ಜಾಸ್ತಿಯಾಗಿದೆ. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಬಂದು, ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಅಂತಾದ ಮೇಲಂತೂ ಶನಿವಾರ ಬಂತೆಂದರೆ ಕಾರುಗಳು ಊರೂರು ಸುತ್ತುತ್ತವೆ. ಕೊಳ್ಳುವವರು ಭಾರಿ ಹುಷಾರು. ಮೂಲಪತ್ರ ಕೇಳುತ್ತಾರೆ, ವಂಶವೃಕ್ಷ ಕೇಳುತ್ತಾರೆ, ಋಣಭಾರ ಪತ್ರ ತೆಗೆಸುತ್ತಾರೆ, ಪಂಚಾಯಿತಿ ಕೊಡುವ ಇ-ಸ್ವತ್ತಿನ ನಮೂನೆ 9, ನಮೂನೆ 11 ತಿರುವಿ ಹಾಕುತ್ತಾರೆ. ದಿಶಾಂಕ್ ಆ್ಯಪ್ ತೆರೆದು, ತಾವು ನಿಂತಿರುವುದು ಯಾವ ಸರ್ವೆ ನಂಬರಿನಲ್ಲಿ ಅಂತ ಖಾತ್ರಿ ಮಾಡಿಕೊಳ್ಳುತ್ತಾರೆ. ಯಾರ ಕಕ್ಕಸು ಗುಂಡಿಯ ಮೇಲೆ ನಿಂತಿದ್ದೇವೆ ಅಂತ ಮಾತ್ರ ಯಾವ ಆ್ಯಪೂ ಹೇಳುವುದಿಲ್ಲ.

ಗೃಹಪ್ರವೇಶದ ದಿನ ಒಲೆ ಮೇಲೆ ಹಾಲು ಉಕ್ಕುತ್ತದೆ. ಮಳೆಗಾಲ ಹಿಡಿದ ವಾರ ಬಚ್ಚಲಲ್ಲಿ ಬೇರೆ ಏನೋ ಉಕ್ಕುತ್ತದೆ.

ಸಂಗತಿ ಹೊರಗೆ ಬರುವುದು ಆಗಲೇ: ನಾಲ್ಕು ಮನೆಗೂ ಗುಂಡಿ ಒಂದೇ. ಅದು ನಾಲ್ವರು ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ಜಾಗ. ಅದರಲ್ಲಿ ಒಬ್ಬರು ತಮ್ಮ ಪಾಲು ಮಾರಿದ್ದಾರೆ. ಪಾಲುಪತ್ರದಲ್ಲಿ ಬಾವಿ ನಾಲ್ವರಿಗೂ ಸೇರಿದ್ದು ಅಂತಿದೆ. ಹಲಸಿನ ಹಣ್ಣು ಯಾರಿಗೆ, ಓಣಿಯಲ್ಲಿ ಗಾಡಿ ಹೋಗಲು ಎಷ್ಟು ಅಡಿ, ಎಲ್ಲ ಇದೆ. ಕ್ರಯಪತ್ರದಲ್ಲಿ ನಾಲ್ಕೂ ದಿಕ್ಕಿನ ಚಕ್ಕುಬಂದಿ ಇದೆ. ಹಳೇ ಕಾಲದ ಪತ್ರಬರಹಗಾರರಾದರೆ "ನಿಧಿ ನಿಕ್ಷೇಪ ಜಲ ಪಾಷಾಣ" ಅಂತ ಶುರು ಮಾಡಿ ಅಷ್ಟಭೋಗವನ್ನೂ, ಅಂದರೆ ಎಂಟೂ ಬಗೆಯ ಹಕ್ಕನ್ನು, ಬರೆದುಕೊಟ್ಟಿರುತ್ತಾರೆ. ನೆಲದೊಳಗೆ ಹೂತದ್ದೆಲ್ಲ ನಿಮ್ಮದೇ. ಆದರೆ ನಾಲ್ಕು ಮನೆಯವರೂ ದಿನಾ ಬೆಳಿಗ್ಗೆ ತಪ್ಪದೆ ತುಂಬುತ್ತಿರುವ ನಿಕ್ಷೇಪದ ಬಗ್ಗೆ ಒಂದಕ್ಷರ ಇಲ್ಲ.

ವಾಸ್ತುವಿನವರು ನೋಡಿರಲಿಲ್ಲವೇ? ನೋಡಿದ್ದರು. ಗುಂಡಿ ವಾಯವ್ಯಕ್ಕಿದೆ, ಬಹಳ ಶ್ರೇಷ್ಠ ಅಂತ ಹೇಳಿ ದಕ್ಷಿಣೆ ತಗೊಂಡು ಹೋಗಿದ್ದರು. ಸರಿಯೇ. ಆದರೆ ಗುಂಡಿ ಇರುವುದು ನಾಲ್ಕು ಪಾಲೂ ಕೂಡುವ ಮೂಲೆಯಲ್ಲಿ. ನಿಮಗೆ ವಾಯವ್ಯ ಅಂದರೆ ಪಡುವಣ ಮನೆಯವರಿಗೆ ಅದು ಈಶಾನ್ಯ, ದೇವಮೂಲೆ. ಬಡಗಣ ಮನೆಗೆ ನೈರುತ್ಯ, ಯಜಮಾನನ ಮೂಲೆ. ಓರೆಗಿರುವ ನಾಲ್ಕನೆಯವರಿಗೆ ಆಗ್ನೇಯ, ಸರಿಯಾಗಿ ಒಲೆ ಇರಬೇಕಾದ ಜಾಗ. ಈಶಾನ್ಯದವರ ಮಗಳ ಮದುವೆ ತಡವಾದದ್ದಕ್ಕೂ, ನೈರುತ್ಯದವರ ಬೋರ್‌ವೆಲ್ ಫೇಲಾದದ್ದಕ್ಕೂ ಗುಂಡಿಯೇ ಕಾರಣ. ಪರಿಹಾರಕ್ಕೆ ತಾಮ್ರದ ತಗಡು ಹೂತಿದ್ದಾರೆ. ಖಾಲಿ ಮಾಡಿಸಿದರೆ ದೋಷ ಕಡಿಮೆಯಾದೀತು ಅಂತ ಯಾರೂ ಹೇಳಿಲ್ಲ.

ಇಂಜಿನಿಯರುಗಳದ್ದೂ ಒಂದು ಶಾಸ್ತ್ರವಿದೆ. ಭಾರತೀಯ ಮಾನಕದ ಪ್ರಕಾರ ಇಂಗುಗುಂಡಿ, ಅಂದರೆ ಶೌಚದ ನೀರು ನೆಲಕ್ಕಿಂಗುವ ಗುಂಡಿ, ಕುಡಿಯುವ ನೀರಿನ ಬಾವಿಯಿಂದ 18 ಮೀಟರ್ ದೂರ ಇರಬೇಕು. 30x40 ಅಡಿ ಸೈಟನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ಅಳೆದರೂ 50 ಅಡಿ, ಅಂದರೆ 15 ಮೀಟರ್ ಚಿಲ್ಲರೆ. ಮನೇಲಿ ಬಾವಿ ಇಟ್ಟುಕೊಂಡು ನಿಯಮ ಪಾಲಿಸಬೇಕಾದರೆ ಗುಂಡಿಯನ್ನು ಪಕ್ಕದವರ ಸೈಟಿನಲ್ಲೇ ತೋಡಬೇಕು!

ಪಂಚಾಯಿತಿಗೆ ಹೋದರೆ ಗೋಡೆ ಮೇಲೆ "ಬಯಲು ಶೌಚ ಮುಕ್ತ ಗ್ರಾಮ" ಅಂತ ದಪ್ಪಕ್ಷರದಲ್ಲಿ ಬರೆದಿದೆ. 2019ರ ಅಕ್ಟೋಬರ್ 2ರಂದು ಇಡೀ ಗ್ರಾಮೀಣ ಭಾರತವನ್ನೇ ಹಾಗೆ ಘೋಷಿಸಿ ಆಗಿದೆ. ಮನೆಗೊಂದು ಶೌಚಾಲಯ, ಶೌಚಾಲಯಕ್ಕೆ 12,000 ರೂಪಾಯಿ, ಜೊತೆಗೊಂದು ಫೋಟೊ. ಫೋಟೊದಲ್ಲಿ ಬಾಗಿಲು ಕಾಣುತ್ತದೆ, ಬಾಗಿಲ ಮುಂದೆ ಮನೆಯೊಡತಿ ಕಾಣುತ್ತಾರೆ. ಕಡತದಲ್ಲಿ ನಾಲ್ಕು ಶೌಚಾಲಯ, ನೆಲದಲ್ಲಿ ಒಂದು ಗುಂಡಿ. "ಗುಂಡಿ ನಿಮ್ಮ ನಿಮ್ಮ ಖಾಸಗಿ ವಿಷಯ ಸಾರ್" ಅನ್ನುತ್ತಾರೆ.

ಖಾಸಗಿ ವಿಷಯ ಜಗಲಿಗೆ ಬರುತ್ತದೆ. ಎತ್ತಿಸುವ ಖರ್ಚು ಯಾರದು?

"ನಿಮ್ಮ ಮನೇಲಿ ಮೂರು ಬಾತ್‌ರೂಮ್ ಐತೆ ಸ್ವಾಮಿ, ಮೂರು ಪಾಲು ಕೊಡಿ" ಅನ್ನುತ್ತಾರೆ ಹಿರಿಯಣ್ಣ.

"ಮೂರಿದ್ರೂ ಕೂರೋರು ಇಬ್ಬರೇ ಅಲ್ವಾ ಯಜಮಾನ್ರೇ? ಅದೂ ಶನಿವಾರ, ಭಾನುವಾರ."

"ಹಂಗಂದ್ರೆ ಹೆಂಗೆ? ಹೋದ ತಿಂಗಳು ಫ್ರೆಂಡ್ಸು ಅಂತ ಎರಡು ಕಾರು ತುಂಬ ಬಂದಿದ್ರು. ರಾತ್ರಿಯೆಲ್ಲಾ ಫ್ಲಶ್ ಸದ್ದು."

ಯಾವ ಇಲಾಖೆಯಲ್ಲೂ ಇಲ್ಲದ ಲೆಕ್ಕ ಹಿರಿಯಣ್ಣನ ಹತ್ತಿರ ಇದೆ, ಒಪ್ಪಲೇಬೇಕು.

ಟ್ಯಾಂಕರಿನವನಿಗೆ ಫೋನ್ ಮಾಡುತ್ತಾರೆ. ಎತ್ತಿದ್ದನ್ನು ಎಲ್ಲಿ ಸುರಿಯುತ್ತೀಯಪ್ಪ ಅಂತ ಕೊಂಡವರು ಕೇಳಿದರೆ, "ಅದೆಲ್ಲ ನಿಮಗ್ಯಾಕೆ ಸಾರ್, ಕತ್ತಲಾಗಲಿ" ಅನ್ನುತ್ತಾನೆ. ದೇವನಹಳ್ಳಿಯಲ್ಲಿ 2015ರಿಂದಲೇ ಮಲದ ಕೆಸರನ್ನು ಸಂಸ್ಕರಿಸುವ ಘಟಕ ಇದೆ. ಇಲ್ಲಿ ಕೆರೆ ಇದೆ.

ಅಷ್ಟರಲ್ಲಿ ಹಿಂದಿನಿಂದ ಯಾರೋ, "ಟ್ಯಾಂಕರ್ ಯಾಕೆ ಸುಮ್ನೆ, ಇಬ್ಬರನ್ನ ಕರೆಸಿ ಇಳಿಸಿದ್ರೆ ಅಗ್ಗದಲ್ಲಿ ಮುಗೀತದೆ" ಅನ್ನುತ್ತಾರೆ. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಪ್ರಕಾರ ರಕ್ಷಣಾ ಸಲಕರಣೆ ಇಲ್ಲದೆ ಹಾಗೆ ಇಳಿಸುವುದು ಅಪರಾಧ, ಜೈಲು ಇಲ್ಲವೇ ದಂಡ, ಎರಡೂ ಆಗಬಹುದು ಅನ್ನುವಷ್ಟು ಕಾನೂನು ಕಾಗದದಲ್ಲಿದೆ. ಹೀಗೆ ಇಳಿದವರು ಸತ್ತರೆ 30 ಲಕ್ಷ ರೂಪಾಯಿ ಪರಿಹಾರ ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಗುಂಡಿ ಯಾರದು ಅಂತ ಸರ್ಕಾರ ಮೊದಲ ಸಲ ವಿಚಾರಿಸುವುದು ಇಳಿದವರು ಮೇಲೆ ಬರದಿದ್ದಾಗ. ಆ ದಿನ ಮಾತ್ರ ಅಣ್ಣತಮ್ಮಂದಿರು, ಕೊಂಡವರು, ನಾಲ್ಕೂ ಮನೆಯವರು ಒಂದಾಗಿ ಪತ್ರ ಹಿಡಿದುಕೊಂಡು ಬರುತ್ತಾರೆ. "ನೀವೇ ಓದಿ ನೋಡಿ ಸಾರ್, ಗುಂಡಿ ನಮ್ಮದು ಅಂತ ಇದರಲ್ಲಿ ಎಲ್ಲಿ ಬರೆದಿದೆ?"