ಲೈನ್ ಕ್ಲಿಯರ್

ಬುಧವಾರ ಬೆಳಿಗ್ಗೆ ಆರೂವರೆಗೆ ನಮ್ಮ ಗಾಲ್ಫ್ ಕ್ಲಬ್ಬಿನ ಮೊದಲ ಟೀ, ಅಂದರೆ ಆಟ ಶುರು ಮಾಡುವ ಜಾಗದ ಹತ್ತಿರ ಬಂದು ನೋಡಿ. ನಾಲ್ಕು ಜನ ಹಿರಿಯರು ಟೋಪಿ ಇಟ್ಟು, ಎಡಗೈಗೆ ಗ್ಲೌಸ್ ಹಾಕಿ, ಡ್ರೈವರ್ ಅನ್ನುವ ಉದ್ದನೆ ಕೋಲು ಹಿಡಿದು ನಿಂತಿರುತ್ತಾರೆ. ಯಾರೂ ಹೊಡೆಯುವುದಿಲ್ಲ.

"ನೀವು ಹೊಡೀರಿ ಡಾಕ್ಟ್ರೇ."

"ಛೆ ಛೆ, ನೀವಿರುವಾಗ ನಾನಾ? ಹೋದ ವಾರ ಗೆದ್ದವರು ಜಡ್ಜ್ ಸಾಹೇಬ್ರು. ಆನರ್ ಅವರದು."

"ಅದೇನು ಗೆಲುವು ಬಿಡಿ, ಮಳೆ ಬಂದು ಅರ್ಧಕ್ಕೇ ನಿಂತಿತ್ತು. ಮೇಜರ್ ಹೊಡೀಲಿ, ವಯಸ್ಸಲ್ಲಿ ದೊಡ್ಡವರು."

"ದೊಡ್ಡವನು ಅಂದ್ರೇನ್ರೀ? ನನಗಿನ್ನೂ ಎಪ್ಪತ್ತೊಂಬತ್ತು!"

ಹಿಂದಿನ ಹೋಲ್ ಗೆದ್ದವರು ಮುಂದಿನದಕ್ಕೆ ಮೊದಲು ಹೊಡೆಯಬೇಕು ಅನ್ನುವ ಹಳೇ ಪದ್ಧತಿಗೆ ಗಾಲ್ಫಿನಲ್ಲಿ ಆನರ್ ಅಂತ ಹೆಸರು. ಸ್ಕಾಟ್ಲೆಂಡಿನವರ ಆ ಮರ್ಯಾದೆಗೆ ನಮ್ಮ ಕಡೆಯ ಉಪಚಾರ ಸೇರಿಕೊಂಡರೆ ಚೆಂಡು ಟೀ ಮೇಲೇ ಬೇರು ಬಿಡುತ್ತದೆ. ಹಿಂದೆ ಇನ್ನೂ ಐದು ಗುಂಪು ಕಾಯುತ್ತಿರುತ್ತವೆ. ಇವನ್ನೆಲ್ಲ ಮುಂದಕ್ಕೆ ತಳ್ಳುವ ಕೆಲಸ ನನ್ನದು. ಹುದ್ದೆಯ ಹೆಸರು ಸೀನಿಯರ್ಸ್ ಕ್ಯಾಪ್ಟನ್, ಕೆಲಸ ದನ ಕಾಯೋದು.

ನಾನು ರೈಲ್ವೆಯಲ್ಲಿದ್ದವನು, ಬಹುಪಾಲು ಸಣ್ಣ ಸ್ಟೇಷನ್ನುಗಳಲ್ಲಿ ಮಾಸ್ಟರ್ ಆಗಿ. ಗಾಲ್ಫ್ ಕಲಿತದ್ದು ರಿಟೈರ್ ಆಗುವ ಹೊತ್ತಿಗೆ, ಮಗ ಅಮೆರಿಕಕ್ಕೆ ಹೋಗುವಾಗ ಅಟ್ಟದ ಮೇಲೆ ಬಿಟ್ಟುಹೋದ ಸೆಟ್ಟಿನಲ್ಲಿ. ನಮ್ಮದು ಒಂಬತ್ತು ಹೋಲಿನ ಸಣ್ಣ ಕ್ಲಬ್ಬು, ಸುತ್ತ ಕಾಫಿ ತೋಟ. ಎಸ್ಟೇಟಿನವರ ನಡುವೆ ನನ್ನನ್ನೇ ಹಿಡಿದು ಕ್ಯಾಪ್ಟನ್ ಮಾಡಿದ್ದಕ್ಕೆ ಕಮಿಟಿ ಕೊಟ್ಟ ಕಾರಣ ಒಂದೇ: "ನೀವು ರೈಲ್ವೆಯವರು, ಟೈಮ್ ನೋಡ್ಕೊಳ್ತೀರಿ." ಹೇಳಿದವರು ಪ್ಯಾಸೆಂಜರ್ ಗಾಡಿಯಲ್ಲಿ ಯಾವತ್ತೂ ಓಡಾಡಿದವರಲ್ಲ ಅಂತ ಆಗಲೇ ಗೊತ್ತಾಯಿತು.

ಆದರೆ ಕೆಲಸಕ್ಕೆ ಇಳಿದ ಮೇಲೆ ಅನ್ನಿಸಿತು, ಇದು ಪೂರಾ ರೈಲ್ವೆ ಕೆಲಸವೇ. ಒಂಟಿ ಹಳಿಯ ಮೇಲೆ ಎರಡು ಸ್ಟೇಷನ್ನುಗಳ ನಡುವೆ ಒಂದು ಹೊತ್ತಿಗೆ ಒಂದೇ ಗಾಡಿ. ಮುಂದಿನ ಸ್ಟೇಷನ್ನು ಲೈನ್ ಕ್ಲಿಯರ್ ಕೊಡದೆ ಇಲ್ಲಿಂದ ಗಾಡಿ ಬಿಡೋ ಹಾಗಿಲ್ಲ. ಆ ಅನುಮತಿಯ ಗುರುತಾಗಿ ಡ್ರೈವರ್ ಕೈಗೆ ಟೋಕನ್ ಹೋಗಬೇಕಿತ್ತು. ನೀಲ್ಸ್ ಬಾಲ್ ಟೋಕನ್ ಅಂತಿದ್ದೆವು. ಹೆಸರಿಗೆ ತಕ್ಕಂತೆ ಅದೊಂದು ಲೋಹದ ಚೆಂಡು. ಮೆಷಿನ್ನಿನಿಂದ ತೆಗೆದು, ಚೀಲಕ್ಕೆ ಹಾಕಿ, ದೊಡ್ಡ ಬಳೆಯಂಥ ಹಿಡಿಕೆಯ ಸಮೇತ ಎತ್ತಿ ಹಿಡಿದರೆ ಗಾಡಿ ನಿಧಾನ ಮಾಡಿ ಕಿತ್ತುಕೊಂಡು ಹೋಗುತ್ತಿದ್ದರು. ಚೆಂಡು ಕೈಗೆ ಬಂತು ಅಂದರೆ ದಾರಿ ನಿನ್ನದು. ಇಲ್ಲಿ ಚೆಂಡನ್ನು ಎಲ್ಲರೂ ಮನೆಯಿಂದಲೇ ತಂದಿರುತ್ತಾರೆ, ದಾರಿ ಮಾತ್ರ ಖಾಲಿ ಇರುವುದಿಲ್ಲ.

ಮೊದಲು ಏಳು ನಿಮಿಷಕ್ಕೊಂದು ಗುಂಪು ಬಿಡುತ್ತಿದ್ದರು. ಬೇಗ ಬಿಟ್ಟರೆ ಬೇಗ ಮುಗಿಯುತ್ತೆ ಅನ್ನೋ ಲೆಕ್ಕ. ಇದು ಮದುವೆ ಮನೆಯ ಲೆಕ್ಕ, ಹಳಿಯ ಮೇಲೆ ನಡೆಯೋದಿಲ್ಲ. ನಮ್ಮ ಮೂರನೇ ಹೋಲು ಪಾರ್ ಮೂರು, ಅಂದರೆ ಮೂರೇ ಹೊಡೆತದಲ್ಲಿ ಮುಗಿಸಬೇಕಾದ ಸಣ್ಣ ಹೋಲು. ಉದ್ದದ ಹೋಲಿನಲ್ಲಿ ಮುಂದಿನವರು ಎರಡನೇ ಹೊಡೆತ ಹೊಡೆದು ದೂರ ಹೋದರೆ ಹಿಂದಿನವರು ಶುರು ಮಾಡಬಹುದು. ಪಾರ್ ಮೂರರಲ್ಲಿ ಹಾಗಲ್ಲ, ಟೀಯಿಂದ ಹೊಡೆದ ಚೆಂಡು ನೇರ ಗ್ರೀನಿಗೇ, ಕುಳಿಯ ಸುತ್ತಲಿನ ನುಣುಪು ಹುಲ್ಲಿಗೇ ಹೋಗಬೇಕು, ಹಾಗಾಗಿ ಮುಂದಿನ ನಾಲ್ವರೂ ಚೆಂಡನ್ನು ಕುಳಿಗೆ ಉರುಳಿಸುವ ಪಟ್ ಮುಗಿಸಿ ಬಾವುಟ ನೆಟ್ಟು ಆಚೆ ಹೋಗುವ ತನಕ ಯಾರೂ ಕೈ ಎತ್ತುವ ಹಾಗಿಲ್ಲ. ನಮ್ಮ ವಯಸ್ಸಿನವರಿಗೆ ಅದಕ್ಕೆ ಹತ್ತು ನಿಮಿಷ ಬೇಕು. ಹತ್ತು ನಿಮಿಷ ಹಿಡಿಯೋ ಜಾಗಕ್ಕೆ ಏಳು ನಿಮಿಷಕ್ಕೊಂದು ಗಾಡಿ ಬಿಟ್ಟರೆ ಆರನೇ ಗಾಡಿ ಹದಿನೈದು ನಿಮಿಷ ಔಟರಿನಲ್ಲಿ, ಸ್ಟೇಷನ್ನಿನ ಹೊರಗಿನ ಸಿಗ್ನಲ್ಲಿನ ಹತ್ತಿರ ನಿಲ್ಲುತ್ತದೆ. ಇದಕ್ಕೆ ಕಂಪ್ಯೂಟರ್ ಬೇಡ.

ನಾನು ಹತ್ತು ನಿಮಿಷಕ್ಕೊಂದು ಗುಂಪು ಮಾಡಿದೆ. ಗಲಾಟೆಯೋ ಗಲಾಟೆ. ಬೇಗ ಮಾಡಿಸು ಅಂತ ಕೂರಿಸಿದರೆ ಇವನು ತಡ ಮಾಡ್ತಾನಲ್ರೀ ಅಂದರು. ಎರಡು ವಾರ ಕಳೆದ ಮೇಲೆ ಮೂರನೇ ಟೀಯ ಕಲ್ಲುಬೆಂಚು ಖಾಲಿ ಬಿತ್ತು. ಆಗ ಇನ್ನೊಂದು ದೂರು ಬಂತು: ಅಲ್ಲಿ ಕೂತು ಆಡುತ್ತಿದ್ದ ರಾಜಕೀಯದ ಮಾತೆಲ್ಲ ನಿಂತುಹೋಯಿತಂತೆ.

ಇನ್ನು ಜಡ್ಜ್ ಸಾಹೇಬರ ಪಟ್ಟಿಂಗು. ನಾಲ್ಕಡಿ ದೂರದ ಚೆಂಡು. ಚೆಂಡಿನ ಹಿಂದೆ ಹೋಗಿ ಕೂರುತ್ತಾರೆ, ಕೂತವರು ಏಳುವುದಕ್ಕೆ ಬ್ಯಾಗ್ ಹೊರುವ ಕ್ಯಾಡಿ ಕೈ ಕೊಡಬೇಕು. ಆಮೇಲೆ ಹೋಲಿನ ಆಚೆ ಬದಿಗೆ ಹೋಗಿ ಅಲ್ಲಿಂದ ನೋಡುತ್ತಾರೆ. ಎರಡೂ ಕಡೆಯ ವಾದ ಕೇಳದೆ ತೀರ್ಪು ಕೊಟ್ಟವರಲ್ಲ ಪಾಪ. ಕನ್ನಡಕ ತೆಗೆದು ಒರೆಸುತ್ತಾರೆ, ಅದು ಪ್ರೋಗ್ರೆಸಿವ್ ಗ್ಲಾಸು, ಕತ್ತು ಬಗ್ಗಿಸಿದರೆ ಒಂದು ಚೆಂಡು, ಎತ್ತಿದರೆ ಇನ್ನೊಂದು. ಕೊನೆಗೆ ಕ್ಯಾಡಿಯನ್ನು ಕೇಳುತ್ತಾರೆ. "ಲೆಫ್ಟಿಗೆ ಎರಡು ಕಪ್ ಸಾರ್" ಅನ್ನುತ್ತಾನೆ ಅವನು, ಅಂದರೆ ಕುಳಿಯ ಎರಡು ಅಗಲದಷ್ಟು ಎಡಕ್ಕೆ ಗುರಿ ಇಡಿ ಅಂತ. ಇವರು ನೇರಕ್ಕೆ ಹೊಡೆಯುತ್ತಾರೆ. ಚೆಂಡು ಬಲಕ್ಕೆ ಹೋಗುತ್ತದೆ. ಕ್ಯಾಡಿ ಏನೂ ಹೇಳುವುದಿಲ್ಲ, ಆಕಾಶ ನೋಡುತ್ತಾನೆ. ಕ್ಯಾಡಿಯಾಗಿ ಶುರು ಮಾಡಿದ ಬೆಂಗಳೂರಿನ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದ ಕಥೆ ನಮ್ಮ ಹುಡುಗರಿಗೆಲ್ಲ ಬಾಯಿಪಾಠ. ಲೈನ್ ಕೇಳಿ ಆಮೇಲೆ ಮಾತು ಕೇಳದವರಿಗೆ ಆ ಕಥೆಯನ್ನು ಯಾವ ದನಿಯಲ್ಲಿ ಹೇಳಬೇಕೋ ಅದೂ ಗೊತ್ತು.

2019ರಲ್ಲಿ ಗಾಲ್ಫಿನ ನಿಯಮ ಬದಲಾಯಿತಲ್ಲ, ಅದನ್ನು ಓದಿದಾಗ ನಮ್ಮಂಥವರನ್ನು ಕಣ್ಣಾರೆ ನೋಡಿಯೇ ಬರೆದಂತಿತ್ತು. ಅಡ್ಡಿಯಿಲ್ಲದೆ ಆಡುವ ಹಾಗಾದ ಮೇಲೆ 40 ಸೆಕೆಂಡಿನೊಳಗೆ ಹೊಡೆದರೆ ಒಳ್ಳೆಯದು. ಬಾವುಟ ತೆಗೆಯದೆಯೂ ಪಟ್ ಮಾಡಬಹುದು. ಚೆಂಡನ್ನು ಕೈಯಿಂದ ಬಿಟ್ಟು ಡ್ರಾಪ್ ಮಾಡುವಾಗ ಭುಜದ ಎತ್ತರದಿಂದಲ್ಲ, ಮೊಣಕಾಲಿನ ಎತ್ತರದಿಂದ. (ಮೊಣಕಾಲಿನ ತನಕ ಬಗ್ಗೋದು ನಮಗೆಷ್ಟು ಕಷ್ಟ ಅಂತ ಮಾತ್ರ ಯಾರೂ ಯೋಚಿಸಿದಂತಿಲ್ಲ.) ಒಟ್ಟು ಹೊಡೆತ ಎಣಿಸುವ ಸ್ಟ್ರೋಕ್ ಪ್ಲೇನಲ್ಲಿ ಆನರ್ ನೋಡದೆ, ಯಾರು ರೆಡಿ ಇದ್ದಾರೋ ಅವರು ಹೊಡೆದುಬಿಡಿ ಅಂತಲೂ ಬಾಯಿಬಿಟ್ಟು ಹೇಳಿದ್ದಾರೆ. ನಾನೊಂದು ಲೆಕ್ಕ ಬರೆದು ನೋಟಿಸ್ ಬೋರ್ಡಿಗೆ ಹಚ್ಚಿದೆ: ಒಬ್ಬರಿಗೆ 50 ಹೊಡೆತ, ನಾಲ್ವರಿಗೆ 200, ಹೊಡೆತಕ್ಕೆ 10 ಸೆಕೆಂಡ್ ಉಳಿಸಿದರೆ 33 ನಿಮಿಷ. ಡಾಕ್ಟರು ಓದಿ ಹೇಳಿದರು: "ನನ್ನ ಸ್ಕೋರು ಐವತ್ತು ಅಂತ ಬರೆದಿದ್ದೀರಲ್ಲ, ಥ್ಯಾಂಕ್ಸ್."

ಕಳೆದುಹೋದ ಚೆಂಡು ಹುಡುಕುವುದಕ್ಕೆ ಮೊದಲು 5 ನಿಮಿಷ ಇತ್ತು, ಅದನ್ನು 3ಕ್ಕೆ ಇಳಿಸಿದರು. ಇದನ್ನು ನಮ್ಮವರು ಒಪ್ಪಲೇ ಇಲ್ಲ. ನಮ್ಮ ತಲೆಮಾರು ಹಾರ್ಲಿಕ್ಸ್ ಬಾಟಲಿಯಲ್ಲಿ ಹಳೇ ಸ್ಕ್ರೂ ಕೂಡಿಟ್ಟ ತಲೆಮಾರು, ಚೆಂಡು ಬಿಟ್ಟು ಬಾ ಅಂದರೆ ಬರ್ತಾರಾ? ಐದನೇ ಹೋಲಿನ ಬಲಕ್ಕೆ ಲಂಟಾನ ಪೊದೆ ಇದೆ. ಒಂದು ದಿನ ಮೇಜರ್ ಚೆಂಡು ಅದರೊಳಗೆ ಹೋಯಿತು. ಇನ್ನೊಂದು ಪ್ರೊವಿಷನಲ್ ಹೊಡೆದುಬಿಡಿ ಸಾರ್ ಅಂದೆ, ಅದಿದ್ದರೆ ಮೊದಲನೆಯದು ಸಿಗದಿದ್ದರೂ ಟೀಗೆ ವಾಪಸ್ ನಡೆಯೋದು ತಪ್ಪುತ್ತೆ. "ನೋಡಿದ್ದೀನಿ, ಅಲ್ಲೇ ಇದೆ" ಅಂದರು. ನಾಲ್ವರೂ ಹೋದೆವು. ಡಾಕ್ಟರು ಎಂಟನೇ ನಂಬರ್ ಐರನ್ನಿನಲ್ಲಿ ಪೊದೆ ಎತ್ತಿ ಹಿಡಿದರು, ಜಡ್ಜ್ ಸಾಹೇಬರು ಹಾವು ಇರುತ್ತೆ ಅಂತ ದೂರ ನಿಂತು ನಿರ್ದೇಶನ ಕೊಟ್ಟರು, ನಾನು ಗಡಿಯಾರ ನೋಡುತ್ತಾ ಕಾಲಿನಲ್ಲಿ ತರಗೆಲೆ ಸರಿಸಿದೆ, ಮೇಜರ್ ಮಾತ್ರ ಹಳೇ ಗಡಿಯಲ್ಲಿ ಇದ್ದ ಹಾಗೆ ಮಂಡಿಯೂರಿ ಒಳಗೆ ನುಗ್ಗಿದರು. ಏಳು ನಿಮಿಷ. ಅಂಗಿ ಹರಿಯಿತು. ಆಮೇಲೆ "ಸಿಕ್ತು!" ಅಂತ ಕೂಗು. ನೋಡಿದರೆ ಅದು ಇನ್ಯಾರದ್ದೋ ಚೆಂಡು, ಯಾವುದೋ ಸಿಮೆಂಟ್ ಕಂಪನಿಯ ಮುದ್ರೆ ಇತ್ತು. ಜೇಬಿಗೆ ಹಾಕಿಕೊಂಡರು. ಕಳೆದುಹೋದದ್ದು ಎಂಥದು ಸಾರ್ ಅಂತ ಕೇಳಿದೆ. ಹೋದ ತಿಂಗಳು ಇದೇ ಪೊದೆಯಲ್ಲಿ ಸಿಕ್ಕಿದ್ದಂತೆ.

ಈಗ ನಮ್ಮಲ್ಲಿ ಲೋಕಲ್ ರೂಲ್ ತಂದಿದ್ದೇವೆ. ಚೆಂಡು ಹೋದರೆ ಟೀಗೆ ವಾಪಸ್ ಹೋಗಬೇಡಿ, ಎರಡು ಹೊಡೆತ ದಂಡ ತೆತ್ತು ಮುಂದೆಯೇ ಒಂದು ಚೆಂಡು ಬಿಟ್ಟು ಆಡಿ. ಜೊತೆಗೆ ಸ್ಟೇಬಲ್‌ಫೋರ್ಡ್. ಇಂಗ್ಲೆಂಡಿನ ಡಾಕ್ಟರ್ ಫ್ರಾಂಕ್ ಸ್ಟೇಬಲ್‌ಫೋರ್ಡ್ ಅನ್ನುವವರ ಈ ಅಂಕದ ಪದ್ಧತಿ ವಾಲಸಿ ಕ್ಲಬ್ಬಿನಲ್ಲಿ 1932ರಲ್ಲಿ ಬಳಕೆಗೆ ಬಂತು. ಹ್ಯಾಂಡಿಕ್ಯಾಪ್, ಅಂದರೆ ಆಟಗಾರನ ಮಟ್ಟ ನೋಡಿ ಕೊಡುವ ರಿಯಾಯಿತಿ ಹೊಡೆತ ಕಳೆದು ಪಾರ್ ಬಂದರೆ ಎರಡು ಅಂಕ, ಒಂದು ಜಾಸ್ತಿ ಆದರೆ ಒಂದು, ಅದಕ್ಕಿಂತ ಕೆಟ್ಟರೆ ಸೊನ್ನೆ. ಸೊನ್ನೆ ಅಂತ ಗೊತ್ತಾದ ಮೇಲೆ ಚೆಂಡು ಎತ್ತಿಕೊಂಡು ಹೊರಟುಬಿಡಬಹುದು. ನನ್ನ ಪ್ರಕಾರ ಮುದುಕರ ಗಾಲ್ಫಿಗೆ ಇದಕ್ಕಿಂತ ದೊಡ್ಡ ಉಪಕಾರ ಯಾರೂ ಮಾಡಿಲ್ಲ. ಆದರೆ ನಮ್ಮವರು ಎತ್ತಬೇಕಲ್ಲ. ಒಂಬತ್ತನೇ ಹೊಡೆತ ಆಗಿರುತ್ತೆ, ಎತ್ತಿ ಸಾರ್ ಅಂದರೆ, "ಇರಲಿ, ಮುಗಿಸಿಬಿಡ್ತೀನಿ." ಎಲೆಯಲ್ಲಿ ಬಿಡಬಾರದು ಅಂತ ಬೆಳೆಸಿದ್ದಾರೆ, ಏನು ಮಾಡೋಣ. ಛತ್ರದಲ್ಲಿ ನೋಡಿಲ್ವಾ, ಎರಡನೇ ಪಂಕ್ತಿಯವರು ಕುರ್ಚಿಯ ಬೆನ್ನು ಹಿಡಿದು ಉಸಿರು ಬಿಡುತ್ತಾ ನಿಂತಿದ್ದರೂ, ಒಬ್ಬರು ಅಂಗೈಗೆ ಮಜ್ಜಿಗೆ ಹಾಕಿಸಿಕೊಂಡು ನಿಧಾನವಾಗಿ ಸುರಿಯುತ್ತಿರುತ್ತಾರೆ.

ಎಲ್ಲಕ್ಕಿಂತ ಕಷ್ಟ ಅಂದರೆ ಹೇಳೋದು. ಎಪ್ಪತ್ತೊಂಬತ್ತು ವರ್ಷದವರಿಗೆ "ಬೇಗ ಆಡಿ" ಅನ್ನುವುದಕ್ಕೆ ಕನ್ನಡದಲ್ಲಿ ಮರ್ಯಾದೆಯ ದಾರಿಯೇ ಇಲ್ಲ. "ಸ್ವಲ್ಪ ಬೇಗ ಆದ್ರೆ ಚೆನ್ನಾಗಿತ್ತೇನೋ" ಅಂತ ಎಳೆದು ಹೇಳುವಷ್ಟರಲ್ಲಿ ಇನ್ನೂ ಅರ್ಧ ನಿಮಿಷ ಹೋಗಿರುತ್ತೆ. ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಕೈಮುಗಿದ ಚಿತ್ರ, ಹೂವಿನ ಚಿತ್ರ ಸಾಲಾಗಿ ಬಂದವು, ಆಟ ಹಾಗೇ ಇತ್ತು. ಹಿಂದೆ ಇಬ್ಬರು ಹುಡುಗರು ಬಂದು ನಿಂತಿದ್ದರು ಒಂದು ಸಲ, ಅವರನ್ನು ಮುಂದೆ ಬಿಡಿ ಸಾರ್, ಪ್ಯಾಸೆಂಜರನ್ನ ಪಕ್ಕದ ಲೂಪ್ ಹಳಿಗೆ ಹಾಕಿ ಎಕ್ಸ್‌ಪ್ರೆಸ್ ಬಿಡೋ ಹಾಗೆ ಅಂದೆ. ಮೇಜರ್ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಪ್ಯಾಸೆಂಜರ್ ಅಂದದ್ದು ತಪ್ಪಾಯಿತು.

ಕೊನೆಗೆ ದಾರಿ ತೋರಿಸಿದವನು ಕ್ಯಾಡಿ. ನನ್ನ ಬ್ಯಾಗ್ ಹೊರುವವನು, ಮಾತು ಕಮ್ಮಿ. ನಾನು ಒಂದು ದಿನ ಅವನ ಮುಂದೆ ಲೆಕ್ಕ ಹೇಳುತ್ತಿದ್ದೆ, ಮೊದಲ ಗುಂಪು ಮೂರು ನಿಮಿಷ ಚೆಂಡು ಹುಡುಕಿದರೆ ಹಿಂದಿನ ಐದು ಗುಂಪಿನ ಇಪ್ಪತ್ತು ಜನಕ್ಕೆ ಮೂರು ಮೂರು ನಿಮಿಷ, ಒಟ್ಟು ಒಂದು ಗಂಟೆ ಆಯುಷ್ಯ ಹೋಯ್ತು ನೋಡು ಅಂತ. ಅವನು ಬ್ಯಾಗು ಹೆಗಲು ಬದಲಿಸಿ, "ನಲವತ್ತು ಜನ ಸಾರ್" ಅಂದ.

ಹೌದಲ್ವಾ. ಬ್ಯಾಗ್ ಹೊತ್ತವರನ್ನು ನಾನು ಎಣಿಸಿಯೇ ಇರಲಿಲ್ಲ. ಒಂಬತ್ತೂವರೆಗೆ ನಮ್ಮದು ಮುಗಿದರೆ ಅವರಿಗೆ ಎರಡನೇ ಬ್ಯಾಗ್ ಸಿಗುತ್ತೆ, ಹತ್ತೂಕಾಲು ಆದರೆ ಬಿಸಿಲಿಗೆ ಯಾರೂ ಹೊರಡುವುದಿಲ್ಲ, ಆ ದಿನದ ಅರ್ಧ ದುಡ್ಡು ಹೋಯಿತು. ನಮ್ಮ ಹೊತ್ತು ಹೋಗಲಿ ಅಂತ ನಾವು ಬರೋದು, ಅವರ ಹೊತ್ತು ಹಾಗಲ್ಲ.

ಆಮೇಲೆ ನಾನು ಹಿರಿಯರಿಗೆ ಹೇಳೋದು ಬಿಟ್ಟು ಹುಡುಗರಿಗೆ ಹೇಳಿದೆ. ನೋಡಿ ಆಗ ಮಜಾ. ಜಡ್ಜ್ ಸಾಹೇಬರು ಗ್ರೀನ್ ಮುಟ್ಟುವ ಮೊದಲೇ ಪಟ್ಟರ್ ಕೈಗೆ ಬಂದಿರುತ್ತದೆ. ಬ್ಯಾಗುಗಳು ಮುಂದಿನ ಟೀ ಕಡೆಗೆ ಹೋಗಿ ಕೂತಿರುತ್ತವೆ, ಸ್ಕೋರ್ ಬರೆಯೋದು ಅಲ್ಲೇ. ಲಂಟಾನದ ಹತ್ತಿರ ಒಬ್ಬ ಹುಡುಗ ಮೊದಲೇ ನಿಂತಿರುತ್ತಾನೆ, ಚೆಂಡು ಒಳಗೆ ಹೋದರೆ ಎರಡು ನಿಮಿಷ ನೋಡಿ "ಹೋಯ್ತು ಸಾರ್" ಅಂತ ಕೈ ಆಡಿಸುತ್ತಾನೆ. ನಾನು ಹೇಳಿದರೆ ಅವಮಾನ, ಅವನು ಹೇಳಿದರೆ ಸುದ್ದಿ. ಮೊದಲ ಟೀಯಲ್ಲಿ ಯಾರ ಕ್ಯಾಡಿ ಮೊದಲು ಚೆಂಡಿಟ್ಟನೋ ಅವರೇ ಹೊಡೆಯಬೇಕು ಅಂತ ಆಯಿತು. ನೀವು ಮೊದಲು ನೀವು ಮೊದಲು ಅನ್ನೋದು ಈಗಲೂ ಇದೆ, ಆದರೆ ನಡೆಯುತ್ತಾ.

ಹೋದ ಬುಧವಾರ ಒಂಬತ್ತು ಹೋಲಿಗೆ 2 ಗಂಟೆ 10 ನಿಮಿಷ. ಮೊದಲೆಲ್ಲ ಎರಡೂಮುಕ್ಕಾಲು ಆಗುತ್ತಿತ್ತು. ಕೊನೇ ಗುಂಪೂ ಒಂಬತ್ತೂವರೆಗೆ ಬಂದು ಕ್ಯಾಪು ತೆಗೆದು ಕೂತಿತು. ಕ್ಯಾಡಿಗಳು ಆಗಲೇ ಇನ್ನೊಂದು ಬ್ಯಾಗು ಹೊತ್ತು ಹೊರಟಿದ್ದರು. ನಾನು ಕ್ಯಾಂಟೀನಿನ ಬಾಗಿಲಿಗೆ ಹೋಗಿ ಗತ್ತಿನಲ್ಲಿ ಹೇಳಿದೆ, ಇಪ್ಪತ್ತನಾಲ್ಕು ಪ್ಲೇಟ್ ಇಡ್ಲಿ, ಈಗಲೇ.

ಭಟ್ಟರು ಸೌಟು ಹಿಡಿದು ಹೊರಗೆ ಬಂದರು. "ಏನ್ ಸಾರ್, ಇವತ್ತು ಮ್ಯಾಚ್ ಇಲ್ವಾ? ನೀವು ಹತ್ತೂವರೆಗಲ್ವಾ ಬರೋದು? ಹಿಟ್ಟು ಈಗ ತಟ್ಟೆಗೆ ಹುಯ್ತಾ ಇದ್ದೀನಿ."

ಇಪ್ಪತ್ತನಾಲ್ಕು ಜನ ಔಟರಿನಲ್ಲಿ ನಿಂತೆವು. ಮೇಜರ್ ಜೇಬಿನಿಂದ ಸಿಮೆಂಟ್ ಕಂಪನಿಯ ಚೆಂಡು ತೆಗೆದು ಮೇಜಿನ ಮೇಲೆ ಉರುಳಿಸಿ, ಮೂರನೇ ಬೆಂಚಿನಲ್ಲಿ ನಿಂತುಹೋಗಿದ್ದ ರಾಜಕೀಯ ಎಲ್ಲಿಗೆ ಬಂದಿತ್ತು ಅಂತ ಕೇಳಿದರು.